ಐಕಳದ 13.62 ಸೆಕೆಂಡು: ಒಂದು ಓಟ, ಎರಡು ಬಗೆಯ ದೇಹಬಲ

2020ರ ಫೆಬ್ರವರಿ 1ರಂದು ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಮಿಜಾರಿನ ಶ್ರೀನಿವಾಸ ಗೌಡ ಅವರು ಕೋಣಗಳ ಜೊತೆ 142.5 ಮೀಟರ್ ಉದ್ದದ ಕರೆಯನ್ನು (ಕೆಸರುನೀರಿನ ಓಟದ ದಾರಿಯನ್ನು) 13.62 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಕಂಬಳದ ಲೋಕಕ್ಕೆ ಅದು ಸಂಭ್ರಮದ ಸುದ್ದಿ. ಕಟ್ಟಡ ಕೆಲಸ ಮಾಡಿ ಬದುಕುವ, ಇಪ್ಪತ್ತೆಂಟರ ಆಸುಪಾಸಿನ ಯುವಕನೊಬ್ಬ ಸೀಸನ್ನಿನ ಅತಿ ವೇಗದ ಓಟ ಓಡಿದ್ದ. ಆಮೇಲೆ ಯಾರೋ ತ್ರೈರಾಶಿ ಹಾಕಿದರು. 142.5 ಮೀಟರಿಗೆ 13.62 ಆದರೆ 100 ಮೀಟರಿಗೆ ಎಷ್ಟು? 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ವಿಶ್ವದಾಖಲೆ 9.58.

ಅಲ್ಲಿಂದ ಮುಂದೆ ಸುದ್ದಿ ಕರಾವಳಿಯ ಕೈಬಿಟ್ಟು ಹೋಯಿತು. ಉದ್ಯಮಿ ಆನಂದ್ ಮಹೀಂದ್ರಾ ಟ್ವೀಟ್ ಮಾಡಿದರು. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರೆನ್ ರಿಜಿಜು ಅವರು ಗೌಡರನ್ನು ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತುದಾರರ ಮುಂದೆ ಓಡಿಸಿ ನೋಡುವುದಾಗಿ ಹೇಳಿದರು. ಮುಖ್ಯಮಂತ್ರಿ ಯಡಿಯೂರಪ್ಪ ಬೆಂಗಳೂರಿಗೆ ಕರೆಸಿ ಸನ್ಮಾನಿಸಿ 3 ಲಕ್ಷ ರೂಪಾಯಿ ಕೊಟ್ಟರು. ಜಗತ್ತಿನ ದೊಡ್ಡ ಸುದ್ದಿಸಂಸ್ಥೆಗಳೆಲ್ಲ 'ಭಾರತದ ಬೋಲ್ಟ್' ಎಂದು ಬರೆದವು. ಗೌಡರು ಮಾತ್ರ ಆ ಪರೀಕ್ಷೆಗೆ ಹೋಗುವುದಿಲ್ಲ ಎಂದರು.

ದೈಹಿಕ ಶಿಕ್ಷಣ ಕಲಿಸುವವನಿಗೆ ಈ ಪ್ರಕರಣಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ದೇಹ ಗಟ್ಟಿಯಾಗಿರುವುದು ಎಂದರೇನು, ಯಾವುದಕ್ಕಾಗಿ ಗಟ್ಟಿ, ಯಾವ ಕೋಲಿನಿಂದ ಅದನ್ನು ಅಳೆಯಬೇಕು ಎಂಬ ಮೂರು ಪ್ರಶ್ನೆಗಳೂ ಆ ಎರಡು ವಾರಗಳಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋದವು. ಅವನ್ನು ಬಿಡಿಸಿ ನೋಡುವುದು ಈ ಬರಹದ ಕೆಲಸ.

ತ್ರೈರಾಶಿ ಎಲ್ಲಿ ತಪ್ಪಿತು

ಮೊದಲು ಲೆಕ್ಕ. 100 ಮೀಟರ್ ಓಟದಲ್ಲಿ ಪ್ರತಿ ಮೀಟರಿಗೂ ಒಂದೇ ಸಮಯ ಹಿಡಿಯುವುದಿಲ್ಲ. ಬರ್ಲಿನ್‌ನಲ್ಲಿ ಬೋಲ್ಟ್‌ಗೆ ಮೊದಲ 10 ಮೀಟರಿಗೆ 1.89 ಸೆಕೆಂಡು ಬೇಕಾಯಿತು. 60ರಿಂದ 80 ಮೀಟರಿನ ನಡುವಿನ ಇಪ್ಪತ್ತು ಮೀಟರನ್ನು ಅವರು 1.61 ಸೆಕೆಂಡಿನಲ್ಲಿ ದಾಟಿದರು. ಅಂದರೆ ನಿಂತಲ್ಲಿಂದ ಹೊರಡುವುದಕ್ಕೇ ಒಂದು ಸೆಕೆಂಡಿಗೂ ಹೆಚ್ಚು ಸಮಯ ಸಲ್ಲುತ್ತದೆ. 142.5 ಮೀಟರ್ ಓಡಿದವನ ಸಮಯವನ್ನು ನೇರವಾಗಿ ಭಾಗಿಸಿದರೆ ಈ ಶುರುವಿನ ಖರ್ಚು ಉದ್ದದ ದಾರಿಯ ಮೇಲೆ ಹಂಚಿಹೋಗಿ 100 ಮೀಟರಿನ ಪಾಲಿಗೆ ಕಡಿಮೆ ಬೀಳುತ್ತದೆ. ಶುರುವಿಗೆ ಒಂದೇ ಒಂದು ಸೆಕೆಂಡು ಎತ್ತಿಟ್ಟು ಮತ್ತೆ ಲೆಕ್ಕ ಮಾಡಿ ನೋಡಿದರೆ 9.55 ಎಂಬುದು ಸುಮಾರು 9.85 ಆಗುತ್ತದೆ. ಕೋಣಗಳ ಮಾತು ಇನ್ನೂ ಬಂದಿಲ್ಲ.

ಹೋಲಿಸಲೇಬೇಕೆಂದಿದ್ದರೆ ಸರಿಯಾದ ಜೋಡಿ ಬೇರೆಯೇ ಇತ್ತು. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ನಗರದ ಬೀದಿಯಲ್ಲಿ ಹಾಸಿದ ಟ್ರ್ಯಾಕಿನ ಮೇಲೆ ಬೋಲ್ಟ್ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದರು. ಅದೇ ಸರಾಸರಿಯಲ್ಲಿ 142.5 ಮೀಟರಿಗೆ 13.63 ಸೆಕೆಂಡು ಬರುತ್ತದೆ. ಗೌಡರ 13.62ಕ್ಕೂ ಇದಕ್ಕೂ ಕೂದಲೆಳೆಯ ಅಂತರ. ಆ ಓಟದ ಕೊನೆಯ 100 ಮೀಟರಿಗೆ ಬೋಲ್ಟ್ ತೆಗೆದುಕೊಂಡದ್ದು 8.70. ವೇಗ ಹಿಡಿದ ಮೇಲೆ ಅಳೆದರೆ ಸಂಖ್ಯೆ ಎಷ್ಟು ಕೆಳಗಿಳಿಯುತ್ತದೆ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಈ ಹೋಲಿಕೆಯನ್ನು ಆಗ ಯಾರಾದರೂ ಮುಂದಿಟ್ಟಿದ್ದರೆ ಗೌಡರ ಗೌರವ ಕಡಿಮೆಯಾಗುತ್ತಿರಲಿಲ್ಲ, ಪ್ರಶ್ನೆ ಮಾತ್ರ ಸರಿಯಾಗುತ್ತಿತ್ತು: ಕೆಸರಿನಲ್ಲಿ ಓಡುವ ಒಬ್ಬ ಮನುಷ್ಯ ಬೋಲ್ಟ್‌ನ ಸರಾಸರಿ ವೇಗವನ್ನು ಮುಟ್ಟಲು ಯಾವುದು ನೆರವಾಗುತ್ತಿದೆ?

ಉತ್ತರ ಎರಡೇ ವಾರದಲ್ಲಿ ತಾನಾಗಿಯೇ ಬಂತು. ವೇಣೂರು ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು, ಅದೇ ತ್ರೈರಾಶಿಯ ಪ್ರಕಾರ 9.51. ಮರುವರ್ಷ ಬಂಟ್ವಾಳ ತಾಲ್ಲೂಕಿನ ಕಕ್ಯಪದವಿನಲ್ಲಿ ಗೌಡರೇ 125 ಮೀಟರಿಗೆ 11.21 ಸೆಕೆಂಡು ತೆಗೆದುಕೊಂಡರು, ಅಂದರೆ 8.96. ಆಗ ಭಾರತದ ಅತಿವೇಗದ ಅಥ್ಲೀಟ್ ಎನಿಸಿದ್ದ ಒಡಿಶಾದ ಅಮಿಯ ಮಲ್ಲಿಕ್ ಅವರ ರಾಷ್ಟ್ರೀಯ ದಾಖಲೆ 10.26. ಎರಡು ತಾಲ್ಲೂಕುಗಳ ವ್ಯಾಪ್ತಿಯಲ್ಲಿ ಒಂದೇ ಚಳಿಗಾಲದಲ್ಲಿ ಇಬ್ಬರು ವಿಶ್ವದಾಖಲೆ ಮುರಿಯುತ್ತಾರೆ, ಮರುವರ್ಷ ಅದು ಅರ್ಧ ಸೆಕೆಂಡಿಗೂ ಹೆಚ್ಚು ಸುಧಾರಿಸುತ್ತದೆ ಎಂದರೆ ಆ ಸಂಖ್ಯೆ ಅಳೆಯುತ್ತಿರುವುದು 100 ಮೀಟರ್ ಓಟವನ್ನಲ್ಲ. ಕಂಬಳದ ವಲಯದ ಒಳಗೇ ಸಮಯದ ಲೆಕ್ಕದ ಬಗ್ಗೆ ತಕರಾರು ಎದ್ದದ್ದೂ ಉಂಟು. ಆದರೆ ಸಮಯ ಅಕ್ಷರಶಃ ಸರಿ ಎಂದೇ ಒಪ್ಪಿಕೊಂಡರೂ ನನ್ನ ವಾದಕ್ಕೆ ಧಕ್ಕೆಯಿಲ್ಲ.

ಗಂತಿನಿಂದ ಮಂಜೊಟ್ಟಿಯವರೆಗೆ

ಕರೆಯ ಪಕ್ಕದಲ್ಲಿ ನಿಂತು ಓಟಗಾರನ ಕಾಲನ್ನೇ ನೋಡಬೇಕು. ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ಹಿಡಿದು ನಿಲ್ಲಿಸಲು ಹಲವರು ಬೇಕು. ಕೈಬಿಟ್ಟ ಕ್ಷಣದಲ್ಲಿ ಅವು ನುಗ್ಗುತ್ತವೆ. ಓಟಗಾರನ ಒಂದು ಕೈಯಲ್ಲಿ ಹಗ್ಗ ಅಥವಾ ನೇಗಿಲಿನ ಹಿಡಿ, ಇನ್ನೊಂದರಲ್ಲಿ ಬೆತ್ತ. ಮೈ ಹಿಂದಕ್ಕೆ ವಾಲಿರುತ್ತದೆ. ಎಂಟು ಗೊರಸುಗಳು ಎರಚುವ ಕೆಸರುನೀರು ನೇರ ಮುಖಕ್ಕೆ ಬಡಿಯುತ್ತದೆ, ಹಲವು ಹೆಜ್ಜೆಗಳನ್ನು ಕಣ್ಣು ಕಾಣದೆಯೇ ಇಡಬೇಕಾಗುತ್ತದೆ. ಹಿಮ್ಮಡಿ ಮೊದಲು ಕೆಸರಿಗೆ ಇಳಿದು ಹಿಡಿತ ಹುಡುಕುತ್ತದೆ, ಹಿಡಿತ ಸಿಕ್ಕಿತೋ ಇಲ್ಲವೋ ಎನ್ನುವಷ್ಟರಲ್ಲಿ ಮುಂದಿನ ಕಾಲು ಬಿದ್ದಿರಬೇಕು. ಒಂದು ಹೆಜ್ಜೆ ತಡವಾದರೆ ಕೋಣಗಳು ಮುಂದೆ, ಮನುಷ್ಯ ಕೆಸರಿನಲ್ಲಿ ಬೋರಲು. ಹಗ್ಗ ಬಿಟ್ಟರೆ ಓಟ ಲೆಕ್ಕಕ್ಕಿಲ್ಲ. ಕೊನೆಯಲ್ಲಿ ಓಟ ಮುಗಿಯುವ ಮಂಜೊಟ್ಟಿಯ ಏರು, ಅಲ್ಲಿ ಆ ಓಟದ ಭರದಲ್ಲೇ ಕೋಣಗಳನ್ನು ತಡೆಯಲು ಕಾದು ನಿಂತ ಜನ.

ಟ್ರ್ಯಾಕಿನ ಓಟಗಾರ ಮಾಡುವುದು ಬಹುಮಟ್ಟಿಗೆ ಇದರ ವಿರುದ್ಧ. ಅವನು ಮುಂಗಾಲಿನ ಮೇಲೆ ಇಳಿಯುತ್ತಾನೆ. ಪೂರ್ಣ ವೇಗದಲ್ಲಿ ಅವನ ಪಾದ ನೆಲದ ಮೇಲಿರುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಅಷ್ಟರೊಳಗೆ ತನ್ನ ಮೈತೂಕದ ಹಲವು ಪಟ್ಟು ಬಲವನ್ನು ಗಟ್ಟಿ ನೆಲಕ್ಕೆ ಒದ್ದು, ಆ ನೆಲ ಮರಳಿ ಕೊಟ್ಟ ಬಲದಿಂದ ಮುಂದೆ ಹಾರುತ್ತಾನೆ. ಅವನನ್ನು ಎಳೆಯುವವರು ಯಾರೂ ಇಲ್ಲ. ಕಂಬಳದಲ್ಲಿ ಮುಂದಕ್ಕೆ ಒಯ್ಯುವ ಬಲದ ದೊಡ್ಡ ಪಾಲು ಕೋಣಗಳದ್ದು. ಓಟಗಾರನ ಹೆಚ್ಚುಗಾರಿಕೆ ಆ ವೇಗವನ್ನು ತಾಳಿಕೊಳ್ಳುವುದರಲ್ಲಿ, ಜಾರುವ ನೆಲದ ಮೇಲೆ ಸಮತೋಲ ಕಳೆದುಕೊಳ್ಳದಿರುವುದರಲ್ಲಿ, ಎರಡು ಪ್ರಾಣಿಗಳ ಓಟವನ್ನು ತನ್ನ ಕಾಲಿನ ಲಯಕ್ಕೆ ಹೊಂದಿಸಿಕೊಳ್ಳುವುದರಲ್ಲಿ ಇದೆ. ಅಥ್ಲೀಟುಗಳನ್ನು ಹಿಗ್ಗುವ ಪಟ್ಟಿಯಿಂದ ಎಳೆಸಿ ತಮ್ಮ ಸಹಜ ವೇಗಕ್ಕಿಂತ ಹೆಚ್ಚು ಓಡಿಸುವ ತರಬೇತಿ ವಿಧಾನವೊಂದಿದೆ. ಆ ಅಭ್ಯಾಸದಲ್ಲಿ ಬಂದ ಸಮಯವನ್ನು ಯಾರೂ ದಾಖಲೆ ಎನ್ನುವುದಿಲ್ಲ.

ಕಂಬಳದ ಒಳಗೂ ಎಲ್ಲ ಓಟ ಒಂದೇ ಅಲ್ಲ ಎಂಬುದನ್ನು ಹೊರಗಿನವರು ಗಮನಿಸಲಿಲ್ಲ. ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ಮನುಷ್ಯ ಓಡುತ್ತಾನೆ. ಅಡ್ಡ ಹಲಗೆ, ಕನೆ ಹಲಗೆಗಳಲ್ಲಿ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಕನೆ ಹಲಗೆಯಲ್ಲಂತೂ ತೂತಿನಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು, ಅಲ್ಲಿ ಹಲಗೆಯನ್ನು ತುಳಿದು ಹಿಡಿಯುವ ಕಾಲಿನ ಹದವೇ ಎಲ್ಲ. ಒಂದೇ ಕರೆ, ಅವೇ ಕೋಣಗಳು, ಬೇಕಾದ ಕೌಶಲ ಮಾತ್ರ ಬೇರೆ. ಹೀಗಿರುವಾಗ ಕೆಸರಿನಿಂದ ರಬ್ಬರ್ ಟ್ರ್ಯಾಕಿಗೆ ಹಾರುವ ದೂರ ಎಷ್ಟಿದ್ದೀತು?

ದೈಹಿಕ ಶಿಕ್ಷಣದ ಪಠ್ಯಗಳು ಕೌಶಲ ಸಂಬಂಧಿ ಕ್ಷಮತೆಯಲ್ಲಿ, ಅಂದರೆ ಆಟ-ಓಟಗಳಲ್ಲಿ ಗೆಲ್ಲಲು ಬೇಕಾದ ದೇಹಬಲದಲ್ಲಿ, ಆರು ಅಂಶಗಳನ್ನು ಹೇಳುತ್ತವೆ: ವೇಗ, ಚುರುಕುತನ, ಸಮತೋಲ, ಅಂಗಗಳ ಹೊಂದಾಣಿಕೆ, ಸ್ಫೋಟಕ ಶಕ್ತಿ, ಪ್ರತಿಕ್ರಿಯೆಯ ಸಮಯ. ಗೌಡರ ಓಟದಲ್ಲಿ ಆರೂ ಇವೆ, ಅದೂ ಅಪರೂಪದ ಮಟ್ಟದಲ್ಲಿ. ದೇಶ ಮಾತ್ರ ಮೊದಲನೆಯದನ್ನಷ್ಟೇ ಕಂಡಿತು. ಉಳಿದ ಐದನ್ನು ಕೋಣಗಳ ಜೊತೆ ಬಿಟ್ಟುಬಿಡಿ, ವೇಗವನ್ನು ಮಾತ್ರ ಬೆಂಗಳೂರಿಗೆ ತನ್ನಿ ಎಂದು ಕೇಳಿದಂತಾಯಿತು. ಈ ಆರು ಅಂಶಗಳು ಒಂದು ಕೆಲಸದ ಸುತ್ತ ಹೆಣೆದುಕೊಂಡು ಬೆಳೆಯುತ್ತವೆ. ಆ ಕೆಲಸದಿಂದ ಕಿತ್ತರೆ ಅವು ಅದೇ ಮಟ್ಟದಲ್ಲಿ ಉಳಿಯುವುದಿಲ್ಲ.

ನಿರಾಕರಣೆಯ ಮಾತು

ಗೌಡರು ಕೊಟ್ಟ ಕಾರಣವನ್ನು ಹಲವರು ಸಂಕೋಚವೆಂದು ತಿಳಿದರು. ಅವರ ಮಾತಿನ ಸಾರ ಇಷ್ಟು: ಕಂಬಳ ಮತ್ತು ಟ್ರ್ಯಾಕ್ ಬೇರೆ ಬೇರೆ, ಒಂದರಲ್ಲಿ ಗೆದ್ದವನು ಇನ್ನೊಂದರಲ್ಲಿ ಗೆಲ್ಲಲಾರ, ಇಲ್ಲಿ ಹಿಮ್ಮಡಿಯ ಮೇಲೆ ಓಡುತ್ತೇವೆ, ಅಲ್ಲಿ ಬೆರಳುಗಳ ಮೇಲೆ, ಕಂಬಳದಲ್ಲಿ ಕೋಣಗಳ ಪಾತ್ರವೂ ಇದೆ. ಇಡೀ ಪ್ರಕರಣದಲ್ಲಿ ಕ್ರೀಡಾ ವಿಜ್ಞಾನ ಮಾತಾಡಿದ ವ್ಯಕ್ತಿ ಅವರೊಬ್ಬರೇ ಎಂದು ನಾನು ದೃಢವಾಗಿ ನಂಬುತ್ತೇನೆ. ಯಾವ ಕೆಲಸದ ಅಭ್ಯಾಸವೋ ಆ ಕೆಲಸಕ್ಕೇ ದೇಹ ಹದಗೊಳ್ಳುತ್ತದೆ ಎಂಬ, ತರಬೇತಿಯ ನಿರ್ದಿಷ್ಟತೆ ಎಂದು ನಾವು ಪದವಿ ತರಗತಿಯಲ್ಲಿ ಕಲಿಯುವ ತತ್ವವನ್ನು ಹತ್ತನೇ ತರಗತಿಯವರೆಗೆ ಓದಿದ ಆ ಓಟಗಾರ ತನ್ನ ಕಾಲಿನಿಂದ ಅರಿತಿದ್ದರು.

ಅದಕ್ಕೆ ಆರು ತಿಂಗಳ ಹಿಂದೆಯೇ ಒಂದು ಎಚ್ಚರಿಕೆ ಕಣ್ಣ ಮುಂದಿತ್ತು. 2019ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ರಾಮೇಶ್ವರ ಗುರ್ಜರ್ ಎಂಬ ಯುವಕ ರಸ್ತೆಯಲ್ಲಿ ಬರಿಗಾಲಿನಲ್ಲಿ 100 ಮೀಟರನ್ನು 11 ಸೆಕೆಂಡಿನಲ್ಲಿ ಓಡಿದ ವಿಡಿಯೊ ಹರಿದಾಡಿತು. ಭೋಪಾಲದ ಟ್ರ್ಯಾಕಿನಲ್ಲಿ ಪರೀಕ್ಷೆ ನಡೆದಾಗ ಅವರು ಕೊನೆಯವರಾಗಿ ಗುರಿ ಮುಟ್ಟಿದರು. ಹುಡುಗನ ಮೇಲೆ ಬಿದ್ದ ಬೆಳಕು ಬಂದಷ್ಟೇ ಬೇಗ ಆರಿತು. ಗೌಡರೂ ಹೋಗಿ 11.5 ಸೆಕೆಂಡು ಓಡಿದ್ದರೆ ಅದು ಯಾವ ತರಬೇತಿಯೂ ಇಲ್ಲದವನ ಪಾಲಿಗೆ ಬಹಳ ಒಳ್ಳೆಯ ಸಮಯ. ಆದರೆ ಮರುದಿನದ ಪತ್ರಿಕೆಗಳಲ್ಲಿ 'ಕಂಬಳದ ಬೋಲ್ಟ್ ವಿಫಲ' ಎಂದೇ ಬರುತ್ತಿತ್ತು. ಕಂಬಳದ ಸೀಸನ್ನಿನ ನಡುವೆ ಯಾಕೆ ಹೋಗಬೇಕಿತ್ತು?

ಯಾರೂ ಕೇಳದ ಪ್ರಶ್ನೆ

ಆ ದಿನಗಳಲ್ಲಿ ಇನ್ನೊಂದು ಮಾತೂ ಜೋರಾಗಿತ್ತು. ಜಿಮ್ಮಿಗೆ ಹೋಗದ, ಪ್ರೊಟೀನ್ ಪುಡಿ ನುಂಗದ ಈ ಮೈಕಟ್ಟು ನೋಡಿ, ಇದೇ ನಿಜವಾದ ಆರೋಗ್ಯ ಎಂದು ಫೋಟೋ ಹಂಚಿದವರು ಲಕ್ಷಾಂತರ ಮಂದಿ. ನನಗೆ ಹೆಚ್ಚು ಕಳವಳ ತಂದದ್ದು ಬೋಲ್ಟ್‌ನ ಹೋಲಿಕೆಯಲ್ಲ, ಇದು. ಗೌಡರ ಆರೋಗ್ಯದ ಬಗ್ಗೆ ನಮಗಾರಿಗೂ ಏನೂ ತಿಳಿದಿಲ್ಲ, ತಿಳಿಯಬೇಕಾದ ಹಕ್ಕೂ ನಮಗಿಲ್ಲ. ಹೇಳಬಹುದಾದದ್ದು ಇಷ್ಟೇ: 13 ಸೆಕೆಂಡಿನ ಓಟ ಆರೋಗ್ಯವನ್ನು ತೋರಿಸುವುದಿಲ್ಲ, ಅದನ್ನು ಕಟ್ಟುವುದೂ ಇಲ್ಲ.

ಅಷ್ಟು ಚಿಕ್ಕ ಓಟಕ್ಕೆ ಬೇಕಾದ ಕಸುವಿನ ಬಹುಪಾಲು ಸ್ನಾಯುಗಳಲ್ಲಿ ಮೊದಲೇ ಇರುವ ಕ್ರಿಯಾಟಿನ್ ಫಾಸ್ಫೇಟ್‌ನಿಂದ ಮತ್ತು ಆಮ್ಲಜನಕದ ನೆರವಿಲ್ಲದೆ ಒಡೆಯುವ ಗ್ಲೈಕೊಜೆನ್‌ನಿಂದ ಬರುತ್ತದೆ. ಹೃದಯ ಮತ್ತು ಶ್ವಾಸಕೋಶಗಳು ಪೂರ್ಣವಾಗಿ ಎಚ್ಚೆತ್ತುಕೊಳ್ಳುವ ಮೊದಲೇ ಓಟ ಮುಗಿದಿರುತ್ತದೆ. ಆರೋಗ್ಯ ಸಂಬಂಧಿ ಕ್ಷಮತೆಯ ಐದು ಅಂಶಗಳಲ್ಲಿ ಮೊದಲನೆಯದು ಈ ಹೃದಯ-ಶ್ವಾಸಕೋಶಗಳ ತಾಳಿಕೆ. ಉಳಿದವು ಸ್ನಾಯುಗಳ ಬಲ, ಸ್ನಾಯುಗಳ ತಾಳಿಕೆ, ಕೀಲುಗಳ ಬಾಗುವಿಕೆ ಮತ್ತು ದೇಹದಲ್ಲಿ ಕೊಬ್ಬು-ಸ್ನಾಯುಗಳ ಪ್ರಮಾಣ. ಈ ಐದರಲ್ಲಿ ಯಾವುದೂ ಗೆಲುವು ಸೋಲಿನ ಮಾತಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತುವುದು, ನೆಲದ ಮೇಲೆ ಕೂತು ಕೈಯೂರದೆ ಏಳುವುದು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡವನ್ನು ದೂರ ಇಡುವುದು ಇವುಗಳ ಕೆಲಸ.

ಕೌಶಲದ ಕ್ಷಮತೆಗೂ ಆರೋಗ್ಯದ ಕ್ಷಮತೆಗೂ ನಡುವೆ ಸಂಬಂಧವೇ ಇಲ್ಲ ಎನ್ನುತ್ತಿಲ್ಲ. ಹಗ್ಗವನ್ನು ಬಿಡದ ಮುಷ್ಟಿ ಇದಕ್ಕೆ ಒಳ್ಳೆಯ ಉದಾಹರಣೆ. 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ಗಮನಿಸಿದ 'ಪ್ಯೂರ್' ಅಧ್ಯಯನದ ಫಲಿತಾಂಶ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಪಾಲ್ಗೊಂಡಿತ್ತು. ಮುಷ್ಟಿಯ ಬಲ 5 ಕಿಲೊ ಕಡಿಮೆಯಾದಂತೆ ಸಾವಿನ ಅಪಾಯ ಶೇ 16ರಷ್ಟು ಹೆಚ್ಚು ಕಂಡುಬಂತು. ಆದರೆ ಅಲ್ಲಿ ಅಳೆದದ್ದು ಸಾಮಾನ್ಯ ಗಂಡಸರು ಹೆಂಗಸರ ಸಾಮಾನ್ಯ ಮುಷ್ಟಿಯನ್ನು. ಕೋಣವನ್ನು ಹಿಡಿದು ನಿಲ್ಲಿಸುವಷ್ಟು ಬಲ ಯಾರಿಗೂ ಬೇಕಿಲ್ಲ, ಇರುವ ಬಲ ವಯಸ್ಸಿನೊಂದಿಗೆ ಸೋರಿಹೋಗದಿದ್ದರೆ ಸಾಕು.

ಸೋರಿಹೋಗುವ ವಿಷಯದಲ್ಲಿಯೇ ಎರಡೂ ಬಗೆಯ ಕ್ಷಮತೆಗಳ ಸ್ವಭಾವ ಬೇರೆಯಾಗುತ್ತದೆ. ಶುದ್ಧ ವೇಗಕ್ಕೆ ಬೇಕಾದ, ಬೇಗ ಕುಗ್ಗುವ ವೇಗಸ್ನಾಯು ತಂತುಗಳ ಪ್ರಮಾಣ ಬಹುಪಾಲು ಹುಟ್ಟಿನಿಂದಲೇ ಬಂದದ್ದು. ತರಬೇತಿ ಅದನ್ನು ಹರಿತಗೊಳಿಸಬಹುದು, ಇಲ್ಲದ್ದನ್ನು ತಂದುಕೊಡಲಾರದು. ಅದರ ಆಯುಸ್ಸೂ ಚಿಕ್ಕದು. ಬೋಲ್ಟ್ ವಿಶ್ವದಾಖಲೆ ಬರೆದದ್ದು 22ನೇ ವಯಸ್ಸಿನಲ್ಲಿ, ನಿವೃತ್ತರಾದದ್ದು 30ರಲ್ಲಿ. ಉಸಿರಿನ ತಾಳಿಕೆ, ಸ್ನಾಯುಬಲಗಳ ಮಾತು ಹಾಗಲ್ಲ. ಅವನ್ನು ಐವತ್ತರಲ್ಲಿ ಶುರು ಮಾಡಿದವರೂ ಗಳಿಸಬಲ್ಲರು, ಬಿಟ್ಟವರು ಯಾವ ವಯಸ್ಸಿನಲ್ಲಾದರೂ ಕಳೆದುಕೊಳ್ಳುತ್ತಾರೆ.

ಈ ಕೊನೆಯ ಮಾತಿಗೆ ಅಮೆರಿಕದ ವೈದ್ಯ ರಾಲ್ಫ್ ಪಾಫನ್‌ಬಾರ್ಗರ್ 1978ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಬಲವಾದ ಆಧಾರ. ಹಾರ್ವರ್ಡ್ ವಿಶ್ವವಿದ್ಯಾಲಯದ 16,936 ಹಳೆಯ ವಿದ್ಯಾರ್ಥಿಗಳ ಹೃದಯಾಘಾತದ ಲೆಕ್ಕವನ್ನು ಅವರು ಇಟ್ಟಿದ್ದರು. ಕಾಲೇಜಿನಲ್ಲಿ ತಂಡಗಳಿಗೆ ಆಡಿದ ಕ್ರೀಡಾಪಟುಗಳು ಆಮೇಲೆ ಕುರ್ಚಿಗೆ ಅಂಟಿಕೊಂಡಿದ್ದರೆ ಹಳೆಯ ಪದಕಗಳು ಅವರ ಹೃದಯವನ್ನು ಕಾಯಲಿಲ್ಲ. ಕಾಲೇಜಿನಲ್ಲಿ ಆಟದ ಮೈದಾನಕ್ಕೆ ಇಳಿಯದೆ ನಡುವಯಸ್ಸಿನಲ್ಲಿ ವ್ಯಾಯಾಮ ಹಿಡಿದವರಿಗೆ ಅಪಾಯ ಕಡಿಮೆಯಾಗಿತ್ತು. ಕಂಬಳದ ಓಟಗಾರನಿಗೂ, ರಣಜಿ ಆಡಿದವನಿಗೂ, ಶಾಲೆಯಲ್ಲಿ ಪ್ರತಿ ವರ್ಷ ಕಪ್ ಗೆದ್ದವನಿಗೂ ಇದು ಒಂದೇ ರೀತಿ ಅನ್ವಯಿಸುತ್ತದೆ. ಹಾಗೆ ನೋಡಿದರೆ ಶ್ರೀನಿವಾಸ ಗೌಡರಂಥವರ ದೇಹವನ್ನು ಕಾಯುವುದು ನವೆಂಬರಿನಿಂದ ಮಾರ್ಚ್‌ವರೆಗಿನ ಆ ಕೆಲವು ಸೆಕೆಂಡುಗಳ ಓಟಗಳಲ್ಲ. ಆ ಓಟಕ್ಕಾಗಿ ವರ್ಷವಿಡೀ ಮಾಡುವ ಅಭ್ಯಾಸ ಮತ್ತು ಅದನ್ನು ಓಟ ನಿಲ್ಲಿಸಿದ ಮೇಲೂ ಮುಂದುವರಿಸುವುದು. ಮೂಡುಬಿದಿರೆಯ ಗುಣಪಾಲ ಕಡಂಬರು 2011ರಲ್ಲಿ ಕಟ್ಟಿದ ಕಂಬಳ ಅಕಾಡೆಮಿ ಓಟದ ಜೊತೆಗೆ ವ್ಯಾಯಾಮದ ಶಿಸ್ತನ್ನೂ ಕಲಿಸಿದ್ದು, ಗೌಡರು ಅಲ್ಲಿಂದಲೇ ಬಂದದ್ದು ಈ ಕಾರಣಕ್ಕೆ ನನಗೆ ಮುಖ್ಯವೆನಿಸುತ್ತದೆ.

ಶಾಲೆಯ ಮೈದಾನದಲ್ಲಿ ಇದೇ ಪ್ರಕರಣ

ಐಕಳದ ಓಟ ದೊಡ್ಡ ಸುದ್ದಿಯಾಗುವ ಹೊತ್ತಿಗೆ ಫಿಟ್ ಇಂಡಿಯಾ ಆಂದೋಲನ ಶುರುವಾಗಿ ಆರು ತಿಂಗಳೂ ಆಗಿರಲಿಲ್ಲ. 2019ರ ಆಗಸ್ಟ್ 29ರಂದು ಅದಕ್ಕೆ ಚಾಲನೆ ಸಿಕ್ಕಿತ್ತು. ಜನಸಾಮಾನ್ಯರು ದಿನವೂ ಮೈ ದಣಿಸಲಿ ಎಂಬುದು ಅದರ ಆಶಯ, ಆರೋಗ್ಯದ ಆಶಯ. ಅದನ್ನು ನಡೆಸುವ ಕೇಂದ್ರ ಕ್ರೀಡಾ ಸಚಿವಾಲಯವೇ ಒಲಿಂಪಿಕ್ಸ್ ಪದಕಗಳನ್ನೂ ಹುಡುಕಬೇಕು. ಎರಡೂ ಒಂದೇ ಕಚೇರಿಯ ಕೆಲಸವಾದಾಗ ಒಂದರ ಭಾಷೆ ಇನ್ನೊಂದಕ್ಕೆ ಅಂಟಿಕೊಳ್ಳುವುದು ಸಹಜ. ಆದರೆ ಅದರ ಬೆಲೆ ತೆರುವವರು ಮಕ್ಕಳು.

ಖೇಲೋ ಇಂಡಿಯಾ ಹೆಸರಿನಲ್ಲಿ ಶಾಲೆಗಳಲ್ಲಿ ನಡೆಯುವ ಪರೀಕ್ಷೆಯನ್ನೇ ನೋಡಿ. ಒಂದರಿಂದ ಮೂರನೇ ತರಗತಿಗೆ ಎತ್ತರ-ತೂಕದ ಅನುಪಾತ, ಒಂಟಿಕಾಲಲ್ಲಿ ನಿಲ್ಲುವ ಸಮತೋಲ, ಎರಡು ತಟ್ಟೆಗಳನ್ನು ಸರಸರನೆ ಮುಟ್ಟುವ ಕೈಚುರುಕು. ನಾಲ್ಕನೇ ತರಗತಿಯಿಂದ ಮೇಲೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕೂತು ಮುಂದಕ್ಕೆ ಬಾಗುವುದು, ಹೊಟ್ಟೆಯ ಕಸರತ್ತು, ದಂಡ (ಪುಷ್-ಅಪ್). ಪಟ್ಟಿ ಒಳ್ಳೆಯದೇ. ಆದರೆ 50 ಮೀಟರ್ ವೇಗದ ಪರೀಕ್ಷೆ, ಅಂದರೆ ಕೌಶಲದ ಕಡೆಯದು. 600 ಮೀಟರ್ ಉಸಿರಿನ ತಾಳಿಕೆಯದು, ಆರೋಗ್ಯದ ಕಡೆಯದು. ಎರಡೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕದ ಅಂಕಣಗಳಲ್ಲಿ ಬರುತ್ತವೆ. ಶಿಕ್ಷಕರ ಕಣ್ಣು ಹೋಗುವುದು ಎಲ್ಲಿಗೆ? 50 ಮೀಟರಿನ ಅಂಕಣಕ್ಕೆ. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಕಳಿಸಬೇಕಾದ ನಾಲ್ಕು ಹೆಸರುಗಳು ಅಲ್ಲೇ ಸಿಗುತ್ತವೆ. ಹೆಸರು ಸಿಕ್ಕ ಮೇಲೆ ಪಿ.ಟಿ. ಅವಧಿ ಆ ನಾಲ್ವರ ಅಭ್ಯಾಸಕ್ಕೆ ಮೀಸಲಾಗುತ್ತದೆ, ಉಳಿದ ಮಕ್ಕಳು ಗೋಡೆಯ ನೆರಳಿನಲ್ಲಿ ಕೂತು ನೋಡುತ್ತಾರೆ. 600 ಮೀಟರಿನ ಕೊನೆಯ ಸುತ್ತನ್ನು ಪಕ್ಕೆ ಹಿಡಿದುಕೊಂಡು ನಡೆದೇ ಮುಗಿಸಿದ ಹುಡುಗಿಯ ಸಮಯ ಹಾಳೆಯಲ್ಲಿ ಬರೆಯಲ್ಪಟ್ಟು ಅಲ್ಲಿಯೇ ಉಳಿಯುತ್ತದೆ. ಅವಳಿಗೆ ಆಟ ಬರುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸುತ್ತಾರೆ, ಅವಳೂ ಕೂಡ.

ಆ ತೀರ್ಮಾನದ ಫಲ ಇಪ್ಪತ್ತು ವರ್ಷಗಳ ನಂತರ ಕಾಣುತ್ತದೆ. 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಶೇ 49.4ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಹೆಂಗಸರಲ್ಲಿ ಇದು ಶೇ 57. ಇಲ್ಲಿ 'ಸಾಕಷ್ಟು' ಎಂದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ, ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯಷ್ಟು ಶ್ರಮ. ಇದಕ್ಕೆ ವೇಗ ಬೇಡ, ಚುರುಕುತನ ಬೇಡ, ಪ್ರತಿಭೆಯಂತೂ ಬೇಡವೇ ಬೇಡ. ತನಗೆ ಆಟ ಬರುವುದಿಲ್ಲ ಎಂದು ಹತ್ತನೇ ವಯಸ್ಸಿಗೆ ನಂಬಿದವರು ಇದನ್ನೂ ತಮ್ಮದಲ್ಲವೆಂದು ಬಿಟ್ಟಿರುತ್ತಾರೆ ಎಂಬುದು ನನ್ನ ಸಂಕಟ.

ಈ ಪ್ರಕರಣವನ್ನು ಸಹೋದ್ಯೋಗಿಗಳ ಜೊತೆ ಚರ್ಚಿಸುವಾಗ ನಾನು ಒತ್ತಿ ಹೇಳುವುದು ಒಂದು ಸರಳ ಬದಲಾವಣೆಯನ್ನು: ಹಾಳೆಯನ್ನು ಎರಡು ಮಾಡಿ. 50 ಮೀಟರ್, ಸಮತೋಲ, ಕೈಚುರುಕುಗಳ ಹಾಳೆಯಲ್ಲಿ ಮಕ್ಕಳನ್ನು ಒಬ್ಬರಿಗೊಬ್ಬರು ಹೋಲಿಸಬಹುದು, ಆಯ್ಕೆಗೆ ಅದು ಬೇಕು. ವೇಗದ ಮಗುವಿಗೆ ಟ್ರ್ಯಾಕನ್ನು ತೋರಿಸಬೇಕಾದದ್ದು ಎಂಟು-ಹತ್ತರ ವಯಸ್ಸಿನಲ್ಲಿ, ಇಪ್ಪತ್ತೆಂಟರಲ್ಲಿ ಅಲ್ಲ. ಮಿಜಾರಿನಂಥ ಊರುಗಳ ಹುಡುಗರಿಗೆ ಆ ವಯಸ್ಸಿನಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದ ಟ್ರ್ಯಾಕು ಎಷ್ಟು ಸಿಗುತ್ತದೆ ಎಂಬುದು 9.55ಕ್ಕಿಂತ ಮುಖ್ಯವಾದ ಪ್ರಶ್ನೆ. 600 ಮೀಟರ್, ಬಾಗುವಿಕೆ, ಹೊಟ್ಟೆ ಮತ್ತು ತೋಳಿನ ಬಲಗಳ ಇನ್ನೊಂದು ಹಾಳೆಯಲ್ಲಿ ಸ್ಥಾನಗಳೇ ಇರಬಾರದು. ಜೂನ್ ತಿಂಗಳ ಸಮಯದ ಪಕ್ಕದಲ್ಲಿ ಅದೇ ಮಗುವಿನ ಡಿಸೆಂಬರ್ ಸಮಯ ಮಾತ್ರ ಇರಬೇಕು. ನಡೆದು ಮುಗಿಸಿದವಳು ಆರು ತಿಂಗಳಲ್ಲಿ ಅರ್ಧ ದಾರಿ ಓಡಿದರೆ ಶಿಕ್ಷಕರ ಆ ವರ್ಷದ ಕೆಲಸ ಸಾರ್ಥಕ. ಅದು ಆಗಬೇಕಾದರೆ ಐದರಿಂದ ಹದಿನೇಳು ವಯಸ್ಸಿನವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯಲ್ಲಿ ಒಂದು ಪಾಲಾದರೂ ಶಾಲೆಯಲ್ಲಿ, ಪಿ.ಟಿ. ಅವಧಿಯಲ್ಲಿ, ಎಲ್ಲರಿಗೂ ಸಿಗಬೇಕು. ಪರೀಕ್ಷೆ ಹತ್ತಿರ ಬಂತೆಂದು ಆ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡಲು ಮುಖ್ಯೋಪಾಧ್ಯಾಯರು ಕೇಳಿದಾಗ ಈ ಎರಡನೆಯ ಹಾಳೆಯನ್ನೇ ಅವರ ಮೇಜಿನ ಮೇಲೆ ಇಡಬೇಕು.